ಅಮ್ಮನ ಕನ್ನಡಿಯ ಮುಂದೆ ಡ್ರೈ ಐಸ್

ನಾನು ಸೋಲೊ ಊರಿನ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಕೂಗುವವಳು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಯಾವುದು ತಡ, ಯಾರ ಕೊಡೆ ಎಲ್ಲಿ ಸಿಕ್ಕಿದೆ ಎಲ್ಲವನ್ನೂ ಸಾವಿರಾರು ಜನಕ್ಕೆ ಬಿಡಿಸಿ ಹೇಳುತ್ತೇನೆ. ಇಂಥವಳಿಗೆ ಗಂಟುಬಿದ್ದವನು ಸೆನೋ. ಅದೇ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾನೆ. ಸಾವಿರ ಜನ ಹಾಗಿರಲಿ, ಒಬ್ಬ ಮನುಷ್ಯನಿಗೆ, ಅಂದರೆ ನಮ್ಮಪ್ಪನಿಗೆ, ಒಂದು ವಾಕ್ಯ ಹೇಳಲಾಗದೆ ಅವನು ತಿಂಗಳುಗಟ್ಟಲೆ ಒದ್ದಾಡಿದ.

ವಾಕ್ಯವೇನೂ ದೊಡ್ಡದಲ್ಲ. ನಮ್ಮ ಮನೆಯವರನ್ನು ಹೆಣ್ಣು ಕೇಳಲು ಕರೆದುಕೊಂಡು ಬರಲೇ, ಅಷ್ಟೆ.

ಸೋಲೊದವರು ನಯವಂತರು ಎಂದು ಇಡೀ ಜಾವಾ ಒಪ್ಪುತ್ತದೆ. ಸೆನೋ ಹುಟ್ಟಿದ್ದು ಅರಮನೆ ಗೋಡೆಯ ಒಳಗಿನ ಓಣಿಯಲ್ಲಿ, ಅಂದಮೇಲೆ ಕೇಳುವುದೇ ಬೇಡ. ಕುರ್ಚಿಗೆ ಕಾಲು ತಾಗಿದರೆ ಕುರ್ಚಿಯ ಕ್ಷಮೆ ಕೇಳುತ್ತಾನೆ. ಟಿಕೆಟ್ ಖಾಲಿಯಾಗಿದೆ ಎಂದು ಹೇಳುವುದಕ್ಕೆ ಅವನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂದರೆ, ಅಷ್ಟರಲ್ಲಿ ಗಾಡಿಯೂ ಹೊರಟುಹೋಗಿರುತ್ತದೆ, ಆಮೇಲೆ ಹೇಳುವ ಅಗತ್ಯವೇ ಬರುವುದಿಲ್ಲ. ಅಪ್ಪ ಏನು ಹೇಳಿದರೂ ಅವನ ಉತ್ತರ ಒಂದೇ, 'ಹೌದು ಪಾಕ್.' ಹಿರಿಯ ಗಂಡಸರನ್ನು ನಾವು ಪಾಕ್ ಎನ್ನುತ್ತೇವೆ, ಹೆಂಗಸರನ್ನು ಬು. ಆ ಎರಡು ಪದ ಮತ್ತು ಒಂದು 'ಹೌದು' ಇದ್ದರೆ ಸೆನೋನ ನಿಘಂಟು ಮುಗಿಯಿತು.

ಪ್ರತಿ ಭಾನುವಾರವೂ ಕೈಯಲ್ಲಿ ಸೆರಾಬಿಯ ಪೊಟ್ಟಣ, ಬಾಯಲ್ಲಿ ಆ ವಾಕ್ಯ ಹಿಡಿದುಕೊಂಡು ಬರುತ್ತಿದ್ದ. ಸೆರಾಬಿ ಎಂದರೆ ತೆಂಗಿನಹಾಲಿನ ಪುಟ್ಟ ದೋಸೆ, ಅದು ನಮ್ಮ ಹೊಟ್ಟೆಗೆ ಹೋಗುತ್ತಿತ್ತು, ವಾಕ್ಯ ಅವನ ಹೊಟ್ಟೆಗೇ ವಾಪಸು ಹೋಗುತ್ತಿತ್ತು. ನಡುವೆ ಅಪ್ಪ ಅವನ ಕೈಗೆ ಟಾರ್ಚು ಕೊಟ್ಟು, 'ಇಲ್ಲಿ ಸ್ವಲ್ಪ ಬೆಳಕು ಹಿಡೀತೀರಾ ನಾಕ್ ಸೆನೋ?' ಎನ್ನುತ್ತಿದ್ದರು. ನಾಕ್ ಎಂದರೆ ಮಗು. ಮಗು ಎಂದು ಕರೆದು ನೀವು ಎನ್ನುವುದು ಅಪ್ಪ ಜನರನ್ನು ದೂರ ಇಡುವ ರೀತಿ. ಸೆನೋ ಸಂಜೆಯವರೆಗೆ ಬೆಳಕು ಹಿಡಿದು, ನನ್ನ ಮುಖ ನೋಡದೆ, ಸೈಕಲ್ ಹತ್ತಿ ಹೋಗುತ್ತಿದ್ದ.

ಬೆಳಕು ಯಾವುದಕ್ಕೆ ಎಂದರೆ ಅಪ್ಪನ ಹುಚ್ಚಿಗೆ. ಅಪ್ಪ ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ಅವರ ಓರಗೆಯವರು ಹಾಡುಹಕ್ಕಿ ಸಾಕುತ್ತಾರೆ, ಮೀನು ಹಿಡಿಯುತ್ತಾರೆ. ಅಪ್ಪ ಹಳೆಯ ಕಂಪ್ಯೂಟರಿನ ಪ್ರೊಸೆಸರನ್ನು, ಅದನ್ನು ತಯಾರಿಸಿದವನೇ ಬೇಡಪ್ಪಾ ಎಂದು ಕೈಮುಗಿಯುವಷ್ಟು ವೇಗದಲ್ಲಿ ಓಡಿಸುತ್ತಾರೆ. ಹಾಗೆ ಓಡಿಸಿದರೆ ಅದು ಕಾದು ಕೆಂಡವಾಗುತ್ತದೆ. ಅದಕ್ಕೇ ಅದರ ತಲೆಯ ಮೇಲೆ ತಾಮ್ರದ ಲೋಟ ಕೂರಿಸಿ, ಅದರೊಳಗೆ ಡ್ರೈ ಐಸ್ ತುಂಬಿ ತಣ್ಣಗಿಡುತ್ತಾರೆ. ಓಡುತ್ತಾ ಓಡುತ್ತಾ ಪ್ರೊಸೆಸರ್ ಒಂದು ಉದ್ದನೆಯ ಲೆಕ್ಕ ಮಾಡಬೇಕು. ಯಾರದು ಬೇಗ ಮುಗಿಯುತ್ತದೋ ಅವರು ಗೆದ್ದಂತೆ. ದೇಶದ ತುಂಬ ಇಂಥ ಹುಚ್ಚರಿದ್ದಾರೆ, ಅವರಿಗೊಂದು ವೆಬ್‌ಸೈಟಿದೆ, ಅಲ್ಲೊಂದು ಪಟ್ಟಿಯಿದೆ. ಆ ಪಟ್ಟಿಯ ತುದಿಯಲ್ಲಿ ಅಪ್ಪನ ಹೆಸರು ವರ್ಷಗಟ್ಟಲೆ ಇತ್ತು. ಮದುವೆ ಮನೆಯಲ್ಲಿ ಸಿಕ್ಕಿದವರಿಗೆಲ್ಲ ಅಪ್ಪ ಫೋನು ತೆಗೆದು ಅದನ್ನು ತೋರಿಸುತ್ತಿದ್ದರು. ಅವರು ನನ್ನ ಕಾಲೇಜಿನ ಫೋಟೋ ಎಂದುಕೊಂಡು, 'ಓಹೋ, ಚೆನ್ನಾಗಿದೆ' ಎನ್ನುತ್ತಿದ್ದರು.

ತಾಮ್ರದ ಲೋಟ ಮಾಡಿಸಿದ್ದು ತುಮಾಂಗ್ ಎಂಬ ಹಳ್ಳಿಯಲ್ಲಿ. ಅಲ್ಲಿನ ತಾಮ್ರದ ಕುಶಲಕರ್ಮಿಗೆ ಅಪ್ಪ ನಕ್ಷೆ ಬರೆದು, 'ಬೋಳಾಗಿರಲಿ' ಎಂದು ಹೇಳಿ ಬಂದಿದ್ದರು. ಬೋಳು ಪಾತ್ರೆ ಕೊಟ್ಟರೆ ಮನೆತನಕ್ಕೆ ಅವಮಾನ ಎಂದು ಆತ ಸುತ್ತ ಮಲ್ಲಿಗೆ ಬಳ್ಳಿ ಕೆತ್ತಿ ಕಳಿಸಿದ. ಬೇಡ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಹಾಗಾಗಿ ದೇಶದಲ್ಲಿ ಮಲ್ಲಿಗೆ ಬಳ್ಳಿಯ ಕೆಳಗೆ ತಣ್ಣಗಾಗುವ ಪ್ರೊಸೆಸರ್ ನಮ್ಮದೊಂದೇ.

ಆ ಪ್ರೊಸೆಸರಿಗೆ ಹೆಸರೂ ಇದೆ. ನಮ್ಮೂರಲ್ಲಿ ಹಳೆಯ ಕಠಾರಿ, ಅರಮನೆಯ ಗಂಟೆ, ಕೊನೆಗೆ ಅರಮನೆಯ ಬಿಳಿ ಎಮ್ಮೆಗೂ 'ಕ್ಯಾಯಿ' ಎಂಬ ಗೌರವದ ಬಿರುದು ಸೇರಿಸಿ ಕರೆಯುತ್ತೇವೆ. ಅಪ್ಪ ಬಿಸ್ಕತ್ತಿನಷ್ಟು ದೊಡ್ಡ ಆ ತುಂಡಿಗೆ 'ಕ್ಯಾಯಿ ಸಿಂದೂಂಗ್' ಎಂದು ಹೆಸರಿಟ್ಟರು, ಬಿರುಗಾಳಿ ಸ್ವಾಮಿಗಳು ಎಂದ ಹಾಗೆ. ಅಮ್ಮನಿಗೆ ಇದು ತಮಾಷೆ. 'ನನ್ನನ್ನ ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿನ ಸ್ವಾಮಿ ಅಂದಿಲ್ಲ. ಆ ಬಿಸ್ಕತ್ತಿಗೆ ಮಾತ್ರ ಬಿರುದು ಬಾವಲಿ!' ಅಮ್ಮ ಸುರಬಾಯದವಳು. ಆ ಊರಿನವರು ಮಾತನ್ನು ಸಿಪ್ಪೆ ಸುಲಿದೇ ಕೈಗೆ ಕೊಡುತ್ತಾರೆ. ನನ್ನ ಬಾಯಿ ಅಮ್ಮನದು, ಅಪ್ಪನದಲ್ಲ.

ಆ ವರ್ಷ ಮೆಡಾನಿನ ಯಾರೋ ಪುಣ್ಯಾತ್ಮ ಅಪ್ಪನ ದಾಖಲೆಯನ್ನು ಕೂದಲೆಳೆಯಷ್ಟರಲ್ಲಿ ಮುರಿದ. ಅಪ್ಪ ಅವನಿಗೆ ಅಭಿನಂದನೆ ಬರೆದು ಕಳಿಸಿ, ಊಟ ಬಿಟ್ಟರು. ಅಷ್ಟರಲ್ಲಿ ಡ್ರೈ ಐಸಿನಿಂದ ತಣ್ಣಗಿಡುವವರಿಗೆಂದೇ ಒಂದು ಸ್ಪರ್ಧೆ ಬಂತು. ಭಾನುವಾರ ಸಂಜೆಯ ಬಾಂಗಿನ ಹೊತ್ತಿಗೆ ಮುಗಿಯುತ್ತದೆ. ಮೆಡಾನಿನವನ ಅಂಕ ಆಗಲೇ ಪಟ್ಟಿಯಲ್ಲಿತ್ತು. ಕ್ಯಾಯಿಗೆ ವಯಸ್ಸಾಗಿದೆ, ಇನ್ನೊಂದು ಬೇಸಿಗೆ ತಡೆಯುವುದಿಲ್ಲ, ಇದೇ ಕೊನೆ ಎಂದು ಅಪ್ಪ ಹೇಳಿದರು. ಸೆನೋ, 'ಹೌದು ಪಾಕ್' ಎಂದ.

ನನಗೆ ತಲೆ ಕೆಟ್ಟದ್ದು ಅವತ್ತೇ. ಶನಿವಾರ ಕೆಲಸ ಮುಗಿದ ಮೇಲೆ ನಿಲ್ದಾಣದ ಎದುರಿನ ಚಹಾ ಗಾಡಿಯ ಬಳಿ ಅವನನ್ನು ನಿಲ್ಲಿಸಿದೆ.

'ನಾಳೆ ಏನ್ ಮಾಡ್ತೀಯ?'

'ನಿಮ್ಮ ಮನೆಗೆ ಬರ್ತೀನಿ. ಸೆರಾಬಿ ತರ್ಲಾ? ಚಾಕಲೇಟಿಂದಾ, ಸಾದಾನಾ?'

'ಸೆರಾಬಿ ಬೆಂಕಿಗೆ ಹಾಕು. ಅಪ್ಪನ ಹತ್ರ ಮಾತಾಡ್ತೀಯೋ ಇಲ್ವೋ?'

'ನಾಳೆ ಸ್ಪರ್ಧೆ ಇದೆಯಲ್ಲ ವೆನಿಂಗ್. ಅಂಥಾ ದಿನ ಅವರಿಗೆ ತೊಂದರೆ ಕೊಡೋದು...'

'ಅಪ್ಪಂಗೆ ಯಾವತ್ತು ತೊಂದ್ರೆ ಇರಲ್ಲ ಹೇಳು? ಹೋದ ವಾರ ಹಲ್ಲು ನೋವು, ಅದರ ಹಿಂದಿನ ವಾರ ಫ್ಯಾನು ಕೆಟ್ಟಿತ್ತು. ನಾಳೆನೂ ಹೌದು ಪಾಕ್, ಹೌದು ಪಾಕ್ ಅಂತ ತಲೆ ಅಲ್ಲಾಡಿಸ್ಕೊಂಡು ಹೋದ್ರೆ ಮತ್ತೆ ನಮ್ಮನೆ ಕಡೆ ತಲೆ ಹಾಕ್ಬೇಡ. ತಮಾಷೆ ಅಲ್ಲ ಇದು. ನಮ್ಮಪ್ಪನ ಮುಂದೆ ಬಾಯಿ ಬಿಡಕ್ಕಾಗದವನು ನಾಳೆ ನನಗೋಸ್ಕರ ಯಾರ ಮುಂದೆ ಬಿಡ್ತೀಯ?'

ಅವನು ಗ್ಲಾಸಿನ ತಳ ನೋಡುತ್ತಾ, 'ಹೌದು' ಎಂದ. ಗ್ಲಾಸನ್ನು ಅವನ ತಲೆಗೆ ಸುರಿಯಬೇಕು ಅನಿಸಿತು. ಚಹಾ ಬಿಸಿಯಿತ್ತು ಎಂದು ಬಿಟ್ಟೆ. ಹೇಳಿದ್ದು ನಿಜವಾಗಿಯೂ ಹೇಳಿದ್ದೇ. ಮನೆಗೆ ಬಂದು ಅತ್ತೆ, ಆದರೆ ಮಾತು ಬದಲಿಸಲಿಲ್ಲ.

ಭಾನುವಾರ ಮಧ್ಯಾಹ್ನ ಮದುವೆ ಮಂಟಪ ಅಲಂಕರಿಸುವವರ ಗಾಡಿ ಬಂದು ಥರ್ಮೋಕೋಲ್ ಪೆಟ್ಟಿಗೆ ಇಳಿಸಿತು. ವಧೂವರರ ಕಾಲ ಬಳಿ ಮೋಡ ಹರಿಸುವುದಕ್ಕೆ ಅವರು ಡ್ರೈ ಐಸ್ ತರಿಸುತ್ತಾರೆ, ಅದರಲ್ಲಿ ಅಪ್ಪನಿಗೂ ಒಂದು ಪಾಲು. ಅದು ಕರಗಿ ನೀರಾಗುವುದಿಲ್ಲ, ಸುಮ್ಮನೆ ಹೊಗೆಯಾಗಿ ಮಾಯವಾಗುತ್ತದೆ. ಬಂದ ಗಳಿಗೆಯಿಂದಲೇ ಖಾಲಿಯಾಗತೊಡಗುತ್ತದೆ. ಆದ್ದರಿಂದ ಅವತ್ತು ನಮ್ಮ ಮನೆಯಲ್ಲಿ ಯಾರೂ ನಡೆಯುವುದಿಲ್ಲ, ಎಲ್ಲರೂ ಓಡುತ್ತಾರೆ.

ಸ್ಪರ್ಧೆ ನಡೆಯುವುದು ಅಪ್ಪ ಅಮ್ಮನ ಮಲಗುವ ಕೋಣೆಯಲ್ಲಿ. ಅಷ್ಟು ತಣ್ಣಗಿರುವ ತಾಮ್ರಕ್ಕೆ ನಮ್ಮೂರ ಗಾಳಿ ತಾಗಿದರೆ ಬೆವರು ಇಳಿಯುತ್ತದೆ, ಒಂದು ಹನಿ ಬೋರ್ಡಿಗೆ ಬಿದ್ದರೆ ಕಥೆ ಮುಗಿಯಿತು. ಗಾಳಿಯನ್ನು ಒಣಗಿಸುವ ಎ.ಸಿ. ಇರುವುದು ಆ ಕೋಣೆಯಲ್ಲೊಂದೇ. ಅಲ್ಲಿ ಮೇಜು ಎಂದರೆ ಅಮ್ಮನ ಡ್ರೆಸ್ಸಿಂಗ್ ಟೇಬಲ್. ಪೌಡರ್ ಡಬ್ಬಿ, ಬಾಚಣಿಗೆ ಎಲ್ಲ ಹಾಸಿಗೆಗೆ ಹೋದವು, ಕ್ಯಾಯಿ ಕನ್ನಡಿಯ ಮುಂದೆ ಕೂತರು. ಬೋರ್ಡಿನ ಸಂದಿಗಳಿಗೆಲ್ಲ ಅಪ್ಪ ಚಿತ್ರ ಬರೆಯುವವರ ಮೆತ್ತನೆಯ ರಬ್ಬರನ್ನು ಹಿಟ್ಟಿನ ಹಾಗೆ ನಾದಿ ಮೆತ್ತಿದರು, ಮೇಲೆ ಅಮ್ಮನ ವ್ಯಾಸಲೀನ್ ಬಳಿದರು. ಐಸಿನ ತುಂಡುಗಳು ತಾಮ್ರಕ್ಕೆ ಸರಿಯಾಗಿ ಅಂಟಿಕೊಳ್ಳಲಿ ಎಂದು ಲೋಟಕ್ಕೆ ಅಸಿಟೋನ್ ಹಾಕಬೇಕು, ಅದು ಉಗುರುಬಣ್ಣ ಅಳಿಸುವ ದ್ರವ.

'ಔಷಧಿ ಅಂಗಡಿ ಹುಡುಗಿ ನನ್ನ ಕೈ ನೋಡ್ತಾಳೆ, ಉಗುರು ನೋಡ್ತಾಳೆ,' ಎಂದಳು ಅಮ್ಮ. 'ಬಣ್ಣ ಹಚ್ಚಿದ್ದೇ ಕಾಣಲ್ಲ, ಅಳಿಸೋದು ಮಾತ್ರ ಬಾಟ್ಲಿಗಟ್ಲೆ ಒಯ್ತಾಳಲ್ಲ ಈ ಮುದುಕಿ, ಅಂತ.'

'ಹೊರಗೆ ಮಾತಾಡು,' ಎಂದರು ಅಪ್ಪ, ತಲೆ ಎತ್ತದೆ.

'ಬಾಗಿಲು ಮುಚ್ಚಿದ್ರೆ ನೋಡಿ! ಆ ಹೊಗೆಗೆ ಎಲ್ಲರೂ ಉಸಿರು ಕಟ್ಟಿ ಮಲಗ್ತೀರ, ಎಬ್ಬಿಸಕ್ಕೆ ನಾನು ಬರಲ್ಲ.'

ಬಾಗಿಲ ಸಂದಿ ಕಾಯುವ ಕೆಲಸ ನನಗೆ ಬಂತು. ಒಳಗೆ ಅಪ್ಪ, ಅವರ ಹಳೆಯ ಗೆಳೆಯ ಪಾಕ್ ಮಾರ್ವೋತೋ, ಮತ್ತು ಸೆನೋ. ಮಾರ್ವೋತೋ ಅದೇ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು, ಅವರಿಗೂ ಇದೇ ಹುಚ್ಚು. ಕುರ್ಚಿ ಇದ್ದದ್ದು ಒಂದೇ. ಅದು ಅಪ್ಪನದು, ಅದರಲ್ಲಿ ಬೇರೆ ಯಾರೂ ಕೂತದ್ದನ್ನು ನಾನು ಕಂಡಿಲ್ಲ. ಉಳಿದಿಬ್ಬರೂ ಮಂಚದ ಅಂಚಿನಲ್ಲಿ. ಅತ್ತೆ ಮಾವ ಆಗಲಿರುವವರ ಹಾಸಿಗೆಯ ಮೇಲೆ ಕೂರುವುದು ಹೇಗೆ ಎಂದು ಸೆನೋ ಪೃಷ್ಠದ ಒಂದು ಮೂಲೆಯನ್ನಷ್ಟೇ ಊರಿ, ಉಳಿದದ್ದನ್ನು ಮೊಣಕಾಲಿನ ಮೇಲೆ ಹಿಡಿದಿದ್ದ. ತೊಡೆಯ ಮೇಲೆ ಸೆರಾಬಿಯ ಪೊಟ್ಟಣ. ಬೆಂಕಿಗೆ ಹಾಕು ಎಂದಿದ್ದೆ, ತಂದೇಬಿಟ್ಟಿದ್ದ, ಎರಡೂ ಬಗೆಯದ್ದು.

ನಾನು ಕಣ್ಣಲ್ಲೇ 'ಹೇಳು' ಎಂದೆ.

ಅವನು ಕೆಮ್ಮಿದ. 'ಪಾಕ್, ಒಂದು ಮಾತು...'

'ಯಂತ್ರ ಶುರುವಾಯ್ತು, ಈಗ ಯಾರೂ ಉಸಿರಾಡ್ಬೇಡಿ ನಾಕ್ ಸೆನೋ.'

'ಹೌದು ಪಾಕ್.'

ಅಪ್ಪ ಬೈಕ್ ಓಡಿಸುವ ಕೈಗವಸು ಹಾಕಿಕೊಂಡು, ಸಾರಿನ ಸೌಟಿನಲ್ಲಿ ಐಸ್ ತೋಡಿ ಲೋಟಕ್ಕೆ ಸುರಿದರು. ಬಿಳಿ ಹೊಗೆ ಮಲ್ಲಿಗೆ ಬಳ್ಳಿಯ ಮೇಲಿಂದ ಹರಿದು, ಡ್ರೆಸ್ಸಿಂಗ್ ಟೇಬಲಿನ ಖಾನೆಗಳನ್ನು ದಾಟಿ, ಎಲ್ಲರ ಪಾದ ಮುಚ್ಚಿತು. ಅಪ್ಪ ವೇಗ ಏರಿಸಿದರು, ಲೆಕ್ಕ ಕೊಟ್ಟರು, ನಡುವೆ ಯಂತ್ರ ಕಲ್ಲಿನಂತೆ ನಿಂತಿತು. ಮತ್ತೆ ಶುರು, ಮತ್ತೆ ನಿಂತಿತು. ಹೀಗೆ ಎಷ್ಟೋ ಸಲ. ಪ್ರತಿ ಸಲವೂ ಪೆಟ್ಟಿಗೆಯ ಐಸ್ ಇಳಿಯುತ್ತಿತ್ತು, ಕಿಟಕಿಯ ಬಿಸಿಲೂ ಇಳಿಯುತ್ತಿತ್ತು. ಅಪ್ಪ ಬೈಯಲಿಲ್ಲ. ಸೋಲೊದವರು ಯಂತ್ರಕ್ಕೂ ಬೈಯುವುದಿಲ್ಲ, 'ದಯವಿಟ್ಟು ಕ್ಯಾಯಿ, ಇನ್ನೂ ಸ್ವಲ್ಪ' ಎನ್ನುತ್ತಾರೆ.

ಕೊನೆಗೆ ಒಂದು ಸಲ ಕ್ಯಾಯಿಗೆ ದಯೆ ಬಂತು. ಲೆಕ್ಕ ಶುರುವಾಗಿ, ಅರ್ಧ ದಾಟಿ, ಮುಕ್ಕಾಲು ದಾಟಿ, ಪೂರ್ತಿ ಮುಗಿಯಿತು. ಪರದೆಯ ಮೇಲೆ ಬಂದ ಸಂಖ್ಯೆ ಮೆಡಾನಿನವನಿಗಿಂತ ಚೆನ್ನಾಗಿತ್ತು. ಕೂದಲೆಳೆಯಲ್ಲ, ಹಗ್ಗದಷ್ಟು.

ಮಾರ್ವೋತೋ ಮಂಚದ ಮೇಲೆ ಒಂದು ಗೇಣು ಹಾರಿದರು. ಅಪ್ಪ ಮಾತ್ರ ಅಲುಗಾಡಲಿಲ್ಲ. ಕೆಲಸ ಇನ್ನೂ ಅರ್ಧ ಬಾಕಿಯಿತ್ತು. ಪರದೆಯ ಚಿತ್ರ ತೆಗೆದು ಕಳಿಸಿದರೇ ಅಂಕ. ಅದರಲ್ಲಿ ಲೆಕ್ಕದ ಪಕ್ಕ ಎರಡು ಪುಟ್ಟ ಕಿಟಕಿಗಳು ತೆರೆದಿರಬೇಕು, ಒಂದರಲ್ಲಿ ಪ್ರೊಸೆಸರಿನ ವಿವರ, ಇನ್ನೊಂದರಲ್ಲಿ ಮೆಮೊರಿಯ ವಿವರ. ಎರಡರಲ್ಲಿ ಒಂದು ತಪ್ಪಿದರೂ ಅಂಕ ಕಸದ ಬುಟ್ಟಿಗೆ. ಅಪ್ಪ ಉಸಿರು ಹಿಡಿದು ಒಂದು ಕಿಟಕಿ ತೆರೆದರು. ಯಂತ್ರ ತಡೆದುಕೊಂಡಿತು. ಇನ್ನೊಂದು ತೆರೆದರು, ತಡೆದುಕೊಂಡಿತು. ಚಿತ್ರ ತೆಗೆದರು, ಉಳಿಸಿದರು. ಆಮೇಲೆ ಹಿಂದಕ್ಕೆ ಒರಗಿ, ಮಗುವಿನ ಹಾಗೆ ನಕ್ಕರು. ಅಪ್ಪನನ್ನು ಅಷ್ಟು ಖುಷಿಯಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

'ನಮಸ್ಕಾರ ಚಾಂಪಿಯನ್ನರಿಗೆ!' ಎಂದರು ಮಾರ್ವೋತೋ. ಅಮ್ಮ ಚಹಾದ ತಟ್ಟೆ ಹಿಡಿದು ಬಂದಳು. ಹೊಗೆಯಲ್ಲಿ ಕಾಲಿಡಲು ಜಾಗ ತಡಕಿದಳು. 'ಆಯ್ತಾ? ಗೆದ್ರಾ? ಹಾಗಾದ್ರೆ ನನ್ನ ಕನ್ನಡಿ ಬಿಟ್ಟುಕೊಡಿ.'

ಎಲ್ಲರೂ ನಗುತ್ತಿದ್ದರು, ಸೆನೋ ಒಬ್ಬನನ್ನು ಬಿಟ್ಟು. ಅವನ ಕಿವಿಗಳು ಕೆಂಪಾಗಿದ್ದವು.

ಆ ಕಿವಿಗಳು ನನಗೆ ಗೊತ್ತು. ಕೌಂಟರಿನಲ್ಲಿ ಯಾರಾದರೂ ತಪ್ಪು ದಿನದ ಟಿಕೆಟ್ ಹಿಡಿದು ಗಾಡಿ ಹತ್ತಲು ಹೊರಟರೆ ಅವು ಹಾಗೇ ಕೆಂಪಾಗುತ್ತವೆ. ಏನೋ ತಪ್ಪು ಕಂಡಿದೆ, ಹೇಳಲು ಆಗುತ್ತಿಲ್ಲ. ಅವನ ಕಣ್ಣು ಪರದೆಯ ಮೇಲೆ ನೆಟ್ಟಿತ್ತು. ನಾನೂ ನೋಡಿದೆ. ನನಗೆ ಅದು ಅರಬ್ಬಿ ಲಿಪಿಗಿಂತ ಕಷ್ಟ. ಮಾರ್ವೋತೋ ಕಡೆ ನೋಡಿದರೆ ಅವರು ಥಟ್ಟನೆ ಚಹಾದ ಲೋಟದೊಳಗೆ ಮುಖ ಹಾಕಿದರು. ಅಂದರೆ ಅವರಿಗೂ ಕಂಡಿದೆ!

'ಎಲ್ಲಾ ಸರಿಯಾಯ್ತಲ್ಲ ನಾಕ್ ಸೆನೋ?' ಅಪ್ಪ ಕೈಗವಸು ಕಳಚುತ್ತಾ ಕೇಳಿದರು. 'ಹೇಗಿತ್ತು?'

'ಹೌ...' ಎಂದ ಸೆನೋ.

ನಾನು ಬಾಗಿಲ ಚಿಲಕವನ್ನು ಹಿಡಿದುಕೊಂಡೆ. ಅವನು ಆ ಪದವನ್ನು ಮುಗಿಸಿದರೆ ನಮ್ಮದೂ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವನು ಸೆರಾಬಿಯ ಪೊಟ್ಟಣವನ್ನು ಹಿಂಡಿದ. ಅಮ್ಮ ಉಳಿದವರ ಕೈಗೂ ಚಹಾ ಕೊಟ್ಟಳು. ಮಾರ್ವೋತೋ ಹವಾಮಾನ ಹೊಗಳಿದರು. ತಾಮ್ರದ ಲೋಟದಲ್ಲಿ ಐಸ್ ಸದ್ದಿಲ್ಲದೆ ಇಳಿಯುತ್ತಿತ್ತು, ತಾಪಮಾನದ ಅಂಕಿ ಒಂದೊಂದಾಗಿ ಏರುತ್ತಿತ್ತು. ಯಂತ್ರ ಆರಿಸಲು ಅಪ್ಪ ಗುಂಡಿಯ ಕಡೆ ಬೆರಳು ಚಾಚಿದರು.

'ಅಲ್ಲ ಪಾಕ್.'

ಅಷ್ಟು ಸಣ್ಣ ದನಿ. ಆದರೂ ಕೋಣೆಯಲ್ಲಿ ತಟ್ಟೆ ಬಿದ್ದ ಹಾಗಾಯಿತು. ಅಪ್ಪನ ಬೆರಳು ಗಾಳಿಯಲ್ಲೇ ನಿಂತಿತು.

'ಏನಂದ್ರಿ?'

'ಅಲ್ಲ. ಆರಿಸ್ಬೇಡಿ. ತಪ್ಪಾಗಿದೆ.' ಸೆನೋ ಎದ್ದು ನಿಂತಿದ್ದ. ಹಣೆಯಲ್ಲಿ ಬೆವರು. 'ಎರಡನೇ ಕಿಟಕಿ. ಅದ್ರಲ್ಲಿ ಮೆಮೊರಿ ಪುಟ ಬಂದಿಲ್ಲ. ಎರಡೂ ಪ್ರೊಸೆಸರಿಂದೇ ಇದೆ. ಪುಟ ತಿರುಗಿಸಿಲ್ಲ ನೀವು.'

ಅಪ್ಪ ಕನ್ನಡಕ ತೆಗೆದರು. ಹೊಗೆಯ ತಂಪಿಗೆ ಗಾಜು ಪೂರ್ತಿ ಮಂಜಾಗಿತ್ತು. ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು. ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು. ಮೌಸ್ ಹಿಡಿದು, ಬಾಣವನ್ನು ಮೆಮೊರಿ ಪುಟದ ಕಡೆ ಒಯ್ದರು, ಒತ್ತಿದರು.

ಪರದೆ ಕಲ್ಲಾಯಿತು. ಬಾಣ ಅಲ್ಲೇ ಅಂಟಿಕೊಂಡಿತು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಕ್ಯಾಯಿಗೆ ಬಿಸಿಯೇರಿತ್ತು.

ಅಪ್ಪ ತಿರುಗಿ ಗೆಳೆಯನನ್ನು ನೋಡಿದರು.

'ಮಾರ್ವೋತೋ, ನೀನು ನೋಡಿದ್ಯಾ?'

'ನೋಡ್ದೆ.'

'ಮತ್ತೆ?'

'ನೀನು ಎಷ್ಟು ಖುಷಿಯಾಗಿದ್ದೆ ಅಂದ್ರೆ... ಚಹಾ ಮುಗಿದ ಮೇಲೆ ಹೇಳೋಣ ಅಂತ...'

'ನೀವು ಯಾವಾಗ ನೋಡಿದ್ರಿ ನಾಕ್ ಸೆನೋ?'

'ನೀವು ತೆರೆದಾಗಲೇ. ಆಗಲೇ ಹೇಳ್ಬೇಕಿತ್ತು. ಹೇಳಿದ್ರೆ ಉಳೀತಿತ್ತು. ನನ್ನದೇ ತಪ್ಪು.'

ಅಮ್ಮ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡಳು. 'ಅಯ್ಯೋ ನಿಮ್ಮ ನಯಕ್ಕೆ ಬೆಂಕಿ ಬೀಳ! ಮನೆಗೆ ಬೆಂಕಿ ಬಿದ್ರೂ ನೀವು ಸೋಲೊದವರು ಮೊದಲು ಕುಶಲ ಕೇಳಿ, ಆಮೇಲೆ ಹೇಳ್ತೀರ.'

ನನಗೆ ಅಪ್ಪನ ಮುಖ ನೋಡಲಾಗಲಿಲ್ಲ. ಸೆನೋನ ಮೇಲೆ ಸಿಟ್ಟು, ಅವನು ಕೊನೆಗೂ ಬಾಯಿ ಬಿಟ್ಟನಲ್ಲ ಎಂಬ ಹೆಮ್ಮೆ, ಯಾವುದು ಎಷ್ಟು ಎಂದು ತಿಳಿಯದೆ ಕಣ್ಣಲ್ಲಿ ನೀರು ಬಂತು. ಅಸಿಟೋನಿನ ಘಾಟು ಎಂದು ಒರೆಸಿಕೊಂಡೆ. ಇನ್ನು ಇವನು ಕ್ಷಮೆ ಕೇಳುತ್ತಾ ಹಿಂದೆ ಹಿಂದೆ ಹೆಜ್ಜೆಯಿಟ್ಟು ಸೈಕಲ್ ಹತ್ತುತ್ತಾನೆ ಎಂದುಕೊಂಡೆ. ಆದರೆ ಅವನು ಹೋಗಲಿಲ್ಲ. ತುಕ್ಕು ಹಿಡಿದ ನಲ್ಲಿ ಒಮ್ಮೆ ತಿರುಗಿದರೆ ಮತ್ತೆ ಮುಚ್ಚಲು ಬರುವುದಿಲ್ಲ, ಹಾಗಾಗಿತ್ತು ಅವನ ಅವಸ್ಥೆ.

'ಇನ್ನೊಂದು ವಿಷಯ ಪಾಕ್. ನೀವು ವೋಲ್ಟೇಜ್ ಜಾಸ್ತಿ ಕೊಡ್ತೀರ. ಕ್ಯಾಯಿಗೆ ಅಷ್ಟು ಬೇಡ. ಅದಕ್ಕೇ ನಡುವೆ ನಿಲ್ತಿದೆ.'

'ಇವತ್ತು ಗೊತ್ತಾಯ್ತಾ?'

'ಇಲ್ಲ. ನಾನು ಟಾರ್ಚ್ ಹಿಡಿದ ಮೊದಲ ವಾರದಿಂದ ಗೊತ್ತು.'

ಅಪ್ಪ ಪರದೆಯ ಮೇಲಿನ ವೋಲ್ಟೇಜಿನ ಅಂಕಿಯ ಕಡೆ ತಿರುಗಿದರು.

'ಪಾಕ್ ಮಾರ್ವೋತೋ, ನಿಮ್ಮ ಕಾಲು ವೈರಿನ ಮೇಲಿದೆ, ತೆಗೀರಿ. ಬು, ನಿಮ್ಮ ಚಹಾಕ್ಕೆ ಸಕ್ಕರೆ ಜಾಸ್ತಿ, ಇಷ್ಟು ದಿನ ಹೇಳೋಕಾಗ್ಲಿಲ್ಲ, ನನ್ನ ಹಲ್ಲು ನೋಯುತ್ತೆ.' ಅವನು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ. ತಳದಲ್ಲಿ ಅಕ್ಕಿನುಚ್ಚಿನಂತೆ ಒಂದಿಷ್ಟು ಪುಡಿ ಉಳಿದಿತ್ತು. 'ಇದು ಇನ್ನೊಂದೇ ಸಲಕ್ಕೆ ಸಾಕು. ಬಾಂಗ್ ಆಗೋಕೆ ಸ್ವಲ್ಪ ಹೊತ್ತಿದೆ. ಮಾಡೋಣ.'

ಮಾಡೋಣ ಎಂದ, ಮಾಡೋಣವೇ ಎಂದು ಕೇಳಲಿಲ್ಲ. ಅಮ್ಮ ನನ್ನ ಕಡೆ ನೋಡಿ ಹುಬ್ಬೇರಿಸಿದಳು, ಇವನಿಗೇನು ತಿನ್ನಿಸಿದ್ದೀಯೇ ಎಂಬಂತೆ.

ಅಪ್ಪ ಸ್ವಲ್ಪ ಹೊತ್ತು ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡುತ್ತಾ ಕೂತರು. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ. ಆ ಮಕ್ಕಳಲ್ಲಿ ಒಬ್ಬನೂ ಸಾರ್ ಅದು ತಪ್ಪು ಎಂದಿರಲಿಕ್ಕಿಲ್ಲ, ಎನ್ನಬೇಕು ಅನಿಸಿದವರೂ ಎಷ್ಟು ಜನರಿದ್ದರೋ. ಏನು ಯೋಚಿಸಿದರೋ ಗೊತ್ತಿಲ್ಲ. ಎದ್ದರು, ಕುರ್ಚಿಯನ್ನು ಹಿಂದಕ್ಕೆ ಎಳೆದರು, ಸೌಟನ್ನು ತಾವು ಕೈಗೆ ತೆಗೆದುಕೊಂಡರು.

'ಕೂತ್ಕೋ,' ಎಂದರು. 'ನೀನು ಓಡ್ಸು. ನಾನು ಐಸ್ ಹಾಕ್ತೀನಿ.'

ಅಪ್ಪ ಅವನನ್ನು ನೀನು ಎಂದದ್ದು ಅದೇ ಮೊದಲು. ಸೆನೋಗೆ ಅದು ಕೇಳಿಸಿತೋ ಇಲ್ಲವೋ, ಅವನು ಆಗಲೇ ಕೀಬೋರ್ಡಿನ ಮೇಲೆ ಬಗ್ಗಿದ್ದ. ನನಗೆ ಕೇಳಿಸಿತು. ಮಾರ್ವೋತೋ ಚಹಾ ಕೆಳಗಿಟ್ಟರು.

'ಹಾಕ್ಲಾ?' ಎಂದರು ಅಪ್ಪ ಸೌಟು ಎತ್ತಿ.

'ಬೇಡ. ಇನ್ನೂ ಬೇಡ.'

ಅಪ್ಪ ಸೌಟು ಇಳಿಸಿದರು. 'ಈಗ?'

'ಸ್ವಲ್ಪ. ಸಾಕು. ಸಾಕು ಅಂದ್ನಲ್ಲ ಪಾಕ್!'

'ಆಯ್ತಪ್ಪ, ಆಯ್ತು.'

ಇಂಥ ಮಾತನ್ನು ಅಪ್ಪನ ಬಾಯಲ್ಲಿ ಕೇಳಲು ಅಮ್ಮ ಮದುವೆಯಾದಂದಿನಿಂದ ಕಾದಿದ್ದಳು. ಅವಳು ಅಲ್ಲೇ ಬಾಗಿಲಿಗೆ ಒರಗಿ, ಸೆರಾಬಿಯ ಪೊಟ್ಟಣ ಬಿಚ್ಚಿ, ನಾಟಕ ನೋಡುವವಳ ಹಾಗೆ ತಿನ್ನತೊಡಗಿದಳು.

ಲೆಕ್ಕ ಶುರುವಾಯಿತು. ವೋಲ್ಟೇಜ್ ಇಳಿಸಿದ್ದಕ್ಕೋ, ಕ್ಯಾಯಿಗೂ 'ದಯವಿಟ್ಟು' ಇಲ್ಲದ ನೇರ ಮಾತು ಹಿತವಾಯಿತೋ, ಈ ಸಲ ಒಮ್ಮೆಯೂ ತಡವರಿಸಲಿಲ್ಲ. ಪೆಟ್ಟಿಗೆಯ ಕೊನೆಯ ಪುಡಿಯನ್ನು ಅಪ್ಪ ಅಂಗೈಯಿಂದ ಗೋರಿ ಸೌಟಿಗೆ ಹಾಕಿದರು, ಕೈಗವಸು ಕಳಚಿಟ್ಟದ್ದೂ ನೆನಪಿಲ್ಲದೆ. ತಣ್ಣಗೆ ಸುಟ್ಟಿತೆಂದು ಬೆರಳು ಕೊಡವಿ ಬಾಯಿಗಿಟ್ಟುಕೊಂಡರು. ಆದರೆ ತಂಪು ಮೊದಲಿನಷ್ಟಿರಲಿಲ್ಲ, ವೇಗವನ್ನೂ ಆ ಮಟ್ಟಿಗೆ ಏರಿಸಲಾಗಿರಲಿಲ್ಲ. ಲೆಕ್ಕ ಮುಗಿದು ಸಂಖ್ಯೆ ಬಂತು.

ಅಪ್ಪನ ಹಳೆಯ ದಾಖಲೆಗಿಂತ ಚೆನ್ನಾಗಿತ್ತು. ಮೆಡಾನಿನವನಿಗಿಂತ ಕೂದಲೆಳೆಯಷ್ಟು ಹಿಂದೆ.

ಸೆನೋ ಒಂದು ಕಿಟಕಿ ತೆರೆದ. ಎರಡನೆಯದು ತೆರೆದ, ಪುಟ ತಿರುಗಿಸಿದ. ಅಪ್ಪನ ಕಡೆ ನೋಡಿ, 'ಇದು ಪ್ರೊಸೆಸರ್, ಇದು ಮೆಮೊರಿ, ಸರಿನಾ?' ಎಂದು ಒಂದೊಂದಾಗಿ ತೋರಿಸಿದ. ಅಪ್ಪ ಕನ್ನಡಕ ಒರೆಸಿಕೊಂಡು ಎರಡನ್ನೂ ಓದಿ ತಲೆಯಾಡಿಸಿದರು. ಚಿತ್ರ ಹೋಯಿತು. ಪಟ್ಟಿಯಲ್ಲಿ ಎರಡನೆಯ ಸಾಲಿಗೆ ಅಪ್ಪನ ಹೆಸರು ಬಂದು ಕೂತಿತು. ಸ್ವಲ್ಪ ಹೊತ್ತಿಗೆ ಮಸೀದಿಯಿಂದ ಬಾಂಗ್ ಕೇಳಿಸಿತು, ಸ್ಪರ್ಧೆ ಮುಗಿಯಿತು.

ಅಪ್ಪ ಮಂಚದ ಅಂಚಿನಲ್ಲಿ ಸೆನೋ ಕೂತಿದ್ದ ಜಾಗದಲ್ಲೇ ಕೂತರು. ಮುಖದಲ್ಲಿ ದುಃಖವಿತ್ತು, ಅದನ್ನು ಅವರು ಬಚ್ಚಿಡಲಿಲ್ಲ. 'ಮೆಡಾನಿನವರಿಗೆ ನಾಳೆ ಅಭಿನಂದನೆ ಬರೀಬೇಕು,' ಎಂದರು. ಒಂದು ಸೆರಾಬಿ ತೆಗೆದುಕೊಂಡು ಮುರಿದರು. ಆಮೇಲೆ, ಹವಾಮಾನ ಕೇಳುವ ದನಿಯಲ್ಲಿ, 'ಅದೇನೋ ಕೇಳ್ಬೇಕು ಅಂತ ಇಷ್ಟು ದಿನದಿಂದ ಬರ್ತಿದ್ಯಲ್ಲ ಸೆನೋ. ಏನದು?' ಎಂದರು.

ನಾನು ಬೆಚ್ಚಿಬಿದ್ದೆ. 'ಅಪ್ಪಾ, ನಿಮಗೆ ಗೊತ್ತಿತ್ತಾ?'

'ಓಣಿಗೆಲ್ಲಾ ಗೊತ್ತು ಮಗಳೇ. ಸೆರಾಬಿ ಮಾರೋಳಿಗೂ ಗೊತ್ತು. ಇವನಿಗೆ ಗೊತ್ತಿದೆಯೋ ಇಲ್ವೋ ಅಂತ ನನಗೆ ಅನುಮಾನ ಇತ್ತು.'

'ಗೊತ್ತಿದ್ದೂ ಟಾರ್ಚ್ ಹಿಡಿಸಿದ್ರಾ?'

'ಬೆಳಕು ಚೆನ್ನಾಗಿ ಹಿಡೀತಾನೆ.'

ಸೆನೋನ ಕಿವಿ ಮತ್ತೆ ಕೆಂಪಾಯಿತು. ನಲ್ಲಿಯ ನೀರು ಖಾಲಿಯಾಯಿತೇ ಎಂದು ನನಗೆ ಭಯವಾಯಿತು. ಅವನು ಕುರ್ಚಿಯಿಂದ ಎದ್ದು, ಕಾಲು ಅದಕ್ಕೆ ತಾಗಿದರೂ ಈ ಸಲ ಅದರ ಕ್ಷಮೆ ಕೇಳದೆ, ನೆಟ್ಟಗೆ ನಿಂತ.

'ಪಾಕ್, ಬು, ನಾನು ವೆನಿಂಗ್‌ನ ಮದುವೆ ಆಗ್ಬೇಕು ಅಂತಿದ್ದೀನಿ. ನಮ್ಮನೆಯವರನ್ನ ಕರ್ಕೊಂಡು ಬರ್ಲಾ?'

ಅಪ್ಪ ಸೆರಾಬಿ ಅಗಿದು, ನುಂಗಿ, ಬೆರಳು ಒರೆಸಿಕೊಂಡರು. 'ಆಗ್ಲಿ,' ಎಂದರು.

'ಏನ್ರೀ ಆಗ್ಲಿ?' ಅಮ್ಮ ಬಾಗಿಲಿಂದ ಮುಂದೆ ಬಂದಳು. 'ಆಗ್ಲಿ ಅಂದ್ರೆ ಏನು ಅರ್ಥ? ಬರ್ಲಿ ಅಂತಲಾ, ಮುಂದಿನ ವರ್ಷ ನೋಡೋಣ ಅಂತಲಾ? ಎಲ್ಲರಿಗೂ ಕೇಳೋ ಹಾಗೆ ಬಾಯಿ ಬಿಟ್ಟು ಹೇಳಿ.'

'ಹೇಳಿದ್ನಲ್ಲ,' ಎಂದರು ಅಪ್ಪ ಸೆನೋನ ಕಡೆ ಕೈ ತೋರಿಸಿ. 'ನಾನು ಹೇಳಿದ್ರಲ್ಲಿ ತಪ್ಪಿದ್ರೆ ಅವನು ಹೇಳ್ತಾನೆ ಬಿಡು.'

ಎಲ್ಲರೂ ಅವನ ಮುಖ ನೋಡಿದೆವು. ಸೆನೋ ಏನೂ ಹೇಳಲಿಲ್ಲ. ಅವನು ಸುಮ್ಮನಿದ್ದದ್ದಕ್ಕೆ ನನಗೆ ಸಿಟ್ಟು ಬಾರದೆ ಇದ್ದದ್ದು ಅದೊಂದೇ ಸಲ.